ಸಂಧಿವಾತದ ಹೊಸ ಮಾತ್ರೆಗೆ ಅನುಮತಿ ಸಿಗೋವರೆಗೆ ಕಾಯಬಹುದಾ?

ಸಂಜೆಮಲ್ಲಿಗೆ:
ನನ್ನ ತಂಗಿಗೆ ರುಮಟಾಯ್ಡ್ ಸಂಧಿವಾತ ಇದೆ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಅನ್ನೋ ಔಷಧ ತೆಗೆದುಕೊಳ್ಳುತ್ತಾಳೆ. ಆದರೂ ಬೆಳಿಗ್ಗೆ ಎದ್ದರೆ ಬೆರಳು ಮಡಚೋಕಾಗಲ್ಲ, ಬಟ್ಟೆಯ ಗುಂಡಿ ನಾನೇ ಹಾಕಬೇಕು. ಉರಿಯೂತ ಹೆಚ್ಚಿಸುವ ಜಾಕ್ ಅನ್ನೋ ಕಿಣ್ವಗಳನ್ನು ತಡೆಯುವ ಗುಂಪಿನ ಹೊಸ ಮಾತ್ರೆಯೊಂದು ಎರಡನೇ ಹಂತದ ಪ್ರಯೋಗದಲ್ಲಿ ಗೆದ್ದಿದೆ ಅಂತ ಓದಿದೆ. ಎಸಿಆರ್20 ಅನ್ನೋ ಸುಧಾರಣೆಯ ಅಳತೆ ಮುಟ್ಟಿದವರು ಪ್ಲಸೀಬೊ (ಔಷಧವಿಲ್ಲದ ಹುಸಿ ಮಾತ್ರೆ) ಗುಂಪಿಗಿಂತ ತುಂಬಾ ಜಾಸ್ತಿಯಂತೆ. ಇಷ್ಟಿದ್ದ ಮೇಲೆ ಅನುಮತಿ ಸಿಕ್ಕೇ ಸಿಗುತ್ತದೆ ಅಲ್ವಾ? ಡಾಕ್ಟರ್ ಈಗಲೇ ಟಿಎನ್‌ಎಫ್ ಇಂಜೆಕ್ಷನ್ (ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಅನ್ನೋ ಪ್ರೋಟೀನನ್ನು ತಡೆಯುವ ಔಷಧ) ಶುರು ಮಾಡೋಣ ಎನ್ನುತ್ತಿದ್ದಾರೆ. ಅವಳಿಗೆ ಸೂಜಿ ಅಂದರೆ ಭಯ, ಮಾತ್ರೆ ಬರಲಿ ಎನ್ನುತ್ತಾಳೆ.

ನೀಲಿಪೆನ್ನು:
ದಯವಿಟ್ಟು ಕಾಯಬೇಡಿ. ಇನ್ನೂ ಮೂರನೇ ಹಂತದ ದೊಡ್ಡ ಪ್ರಯೋಗ ಆಗಬೇಕು, ಆಮೇಲೆ ಅರ್ಜಿ, ಪರಿಶೀಲನೆ. ಎಲ್ಲ ಸರಿಹೋದರೂ ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಉರಿಯೂತ ಕೀಲಿನ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ಹಾಗೆ ಹಾಳಾದ ಕೀಲನ್ನು ಯಾವ ಮಾತ್ರೆಯೂ ಮೊದಲಿನಂತೆ ಮಾಡಿಕೊಡಲ್ಲ.

ನಾನು ಇಂಥ ಪ್ರಯೋಗಗಳಲ್ಲಿ ಕೀಲು ಎಣಿಸುವ ಕೆಲಸ ಮಾಡಿದವಳು. ಒಂದೊಂದೇ ಕೀಲನ್ನು ಹೆಬ್ಬೆರಳಿನಿಂದ ಒತ್ತುತ್ತೇವೆ, ನಮ್ಮ ಉಗುರು ಬಿಳಿಚಿಕೊಳ್ಳುವಷ್ಟು. ನೋವಿಗೆ 68 ಕೀಲು, ಊತಕ್ಕೆ 66. ಸೊಂಟದ ಎರಡು ಕೀಲು ಆಳದಲ್ಲಿರುವುದರಿಂದ ಅಲ್ಲಿನ ಊತ ಕೈಗೆ ಸಿಗಲ್ಲ. ಎರಡೂ ಎಣಿಕೆ ಶೇ 20ರಷ್ಟು ಇಳಿದು, ರೋಗಿ ಹೇಳುವ ನೋವು, ರಕ್ತ ಪರೀಕ್ಷೆ ಮುಂತಾದ ಐದರಲ್ಲಿ ಮೂರು ಅಷ್ಟೇ ಸುಧಾರಿಸಿದರೆ ಎಸಿಆರ್20 ಬಂತು ಅಂತ ಲೆಕ್ಕ. ಅಂದರೆ 20 ಕೀಲು ಊದಿದ್ದವರಿಗೆ 16 ಊದಿಕೊಂಡೇ ಉಳಿದರೂ ಅವರು ಗೆದ್ದವರ ಪಟ್ಟಿಯಲ್ಲಿ ಇರಬಹುದು. ತಂಗಿ ತಾನೇ ಗುಂಡಿ ಹಾಕಿಕೊಳ್ಳಬೇಕು ಅಂದರೆ ಎಸಿಆರ್50, ಎಸಿಆರ್70, ಅಂದರೆ ಇದೇ ಲೆಕ್ಕದಲ್ಲಿ ಶೇ 50, ಶೇ 70ರಷ್ಟು ಸುಧಾರಣೆ, ಎಷ್ಟು ಜನಕ್ಕೆ ಬಂತು ಅಂತ ಹುಡುಕಿ.

ಇನ್ನು ಅನುಮತಿ. ಈ ಗುಂಪಿನ ಮಾತ್ರೆಗಳು ಎಡವಿದ್ದು ನೋವು ಇಳಿಸಲಿಲ್ಲ ಅಂತಲ್ಲ. ಇದೇ ಗುಂಪಿನ ಫಿಲ್ಗೊಟಿನಿಬ್ ಚೆನ್ನಾಗಿಯೇ ಕೆಲಸ ಮಾಡಿತ್ತು. 2020ರ ಆಗಸ್ಟ್‌ನಲ್ಲಿ ಔಷಧಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಅದನ್ನು ತಡೆಯಿತು. ವೀರ್ಯಾಣುಗಳ ಮೇಲಿನ ಪರಿಣಾಮ ನೋಡುವ ಅಧ್ಯಯನ ಮುಗಿದಿರಲಿಲ್ಲ, 200 ಮಿ.ಗ್ರಾಂ ಪ್ರಮಾಣದ ಬಗ್ಗೆಯೂ ಅನುಮಾನ ಇತ್ತು. ಮರುತಿಂಗಳೇ ಯುರೋಪ್, ಜಪಾನ್ ಒಪ್ಪಿದವು! ಈ ಗುಂಪಿನ ಇನ್ನೊಂದು ಮಾತ್ರೆ ಬ್ಯಾರಿಸಿಟಿನಿಬ್‌ಗೂ 2017ರಲ್ಲಿ ಎಫ್‌ಡಿಎ ಇಲ್ಲ ಎಂದಿತು. 2018ರಲ್ಲಿ ಒಪ್ಪಿದ್ದು 2 ಮಿ.ಗ್ರಾಂ ಮಾತ್ರೆಯನ್ನಷ್ಟೇ.

ಹಳೇಗಡಿಯಾರ:
ಯುರೋಪಿನವರು ಒಪ್ಪಿದ್ದನ್ನು ಅಮೆರಿಕದವರು ಯಾಕೆ ತಡೆಯಬೇಕು? ನೋವು ತಿನ್ನುವವರಿಗೆ ತಾನೇ ಕಷ್ಟ ಗೊತ್ತು. ಅಪಾಯ ನಮ್ಮದು, ತೀರ್ಮಾನವೂ ನಮಗೇ ಬಿಡಬೇಕು.

ನೀಲಿಪೆನ್ನು:
ತಡವಾದಾಗ ನನಗೂ ಹೊಟ್ಟೆ ಉರಿದಿದೆ, ರೋಗಿಗಳ ಕೈ ಹಿಡಿದು ನೋಡಿದವಳು ನಾನು. ಆದರೆ ಅಪಾಯ ಎಷ್ಟು ಅಂತ ಗೊತ್ತಿದ್ದರೆ ತಾನೇ ತೀರ್ಮಾನ ಮಾಡೋದು? ಇದೇ ಗುಂಪಿನ ಟೊಫಾಸಿಟಿನಿಬ್‌ಗೆ ಅಮೆರಿಕದಲ್ಲಿ 2012ರಲ್ಲೇ ಅನುಮತಿ ಸಿಕ್ಕಿತು. ಆಮೇಲೆ 50 ದಾಟಿದ, ಹೃದಯದ ತೊಂದರೆ ಬರುವ ಸಾಧ್ಯತೆ ಇರುವ 4,362 ಜನರನ್ನು ವರ್ಷಗಟ್ಟಲೆ ಗಮನಿಸಿ, ಟಿಎನ್‌ಎಫ್ ಇಂಜೆಕ್ಷನ್ ಜೊತೆ ಹೋಲಿಸಿದರು. ಹೃದಯಾಘಾತದಂಥ ತೊಂದರೆಗಳು, ಕ್ಯಾನ್ಸರ್ ಎರಡೂ ಮಾತ್ರೆಯ ಕಡೆ ಜಾಸ್ತಿ ಕಂಡವು. ಕೆಲವೇ ತಿಂಗಳ ಪ್ರಯೋಗದಲ್ಲಿ ಇದು ತಿಳಿಯುವುದು ಕಷ್ಟ.

ಸಂಜೆಮಲ್ಲಿಗೆ ಅವರೇ, ನಿಮಗೆ ಬೇಕಾದ್ದು ಇಲ್ಲಿದೆ ನೋಡಿ. ಅದರ ನಂತರ, 2021ರಲ್ಲಿ, ಟಿಎನ್‌ಎಫ್ ಔಷಧ ಫಲಿಸದವರಿಗೆ ಅಥವಾ ಒಗ್ಗದವರಿಗೆ ಮಾತ್ರ ಈ ಗುಂಪಿನ ಸಂಧಿವಾತದ ಮಾತ್ರೆಗಳನ್ನು ಕೊಡಬೇಕು ಎಂದು ಎಫ್‌ಡಿಎ ಹೇಳಿತು. ಹೊಸ ಮಾತ್ರೆಗೂ ಇದೇ ಷರತ್ತು ಬರುವ ಸಾಧ್ಯತೆ ಜಾಸ್ತಿ. ಹಾಗಾದರೆ ಅದು ಬಂದ ಮೇಲೂ ಡಾಕ್ಟರ್ ಮೊದಲು ಇಂಜೆಕ್ಷನ್ನನ್ನೇ ಹೇಳಬಹುದು.

ಸಂಜೆಮಲ್ಲಿಗೆ:
ಇದನ್ನು ಯಾರೂ ಹೇಳಿರಲಿಲ್ಲ. ತಂಗಿಗೆ ಓದಿ ಹೇಳುತ್ತೇನೆ. ಇಂಜೆಕ್ಷನ್ ಶುರು ಮಾಡುವ ಮುಂಚೆ ಏನಾದರೂ ನೋಡಿಕೊಳ್ಳಬೇಕಾ?

ನೀಲಿಪೆನ್ನು:
ಟಿಬಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು, ಒಳಗೆ ಅಡಗಿರುವ ಟಿಬಿ ಈ ಔಷಧದಿಂದ ಕೆರಳಬಹುದು. ಸೂಜಿಯ ಭಯ ಇದ್ದರೆ ಪೆನ್ನಿನಂತಿರುವ ಇಂಜೆಕ್ಷನ್ ಕೇಳಿ. ಅದರಲ್ಲಿ ಸೂಜಿ ಕಣ್ಣಿಗೆ ಬೀಳಲ್ಲ. ಮೆಥೋಟ್ರೆಕ್ಸೇಟ್ ಮಾತ್ರ ಡಾಕ್ಟರ್ ಹೇಳದೆ ನಿಲ್ಲಿಸಬೇಡಿ.