ಚಕ್ರ ತಿರುಗಿದ ಕೂಡಲೇ ಸೆನ್ಸರ್ ಏನೇನೋ ಅಂಕಿ ತೋರಿಸುತ್ತದೆ, ಏನು ಮಾಡಲಿ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಎದುರಿಗೆ ಗೋಡೆ ಬಂದರೆ ತಿರುಗಿಕೊಳ್ಳುವ ಪುಟ್ಟ ರೋಬೋ ಮಾಡಿದ್ದೇನೆ. ಕೋಡ್ ಓಡಿಸುವ ಆರ್ಡುಯಿನೊ ಊನೊ ಬೋರ್ಡ್, ಮೋಟಾರಿಗೆ ಕರೆಂಟ್ ಕೊಡುವ ಎಲ್298ಎನ್ ಡ್ರೈವರ್ ಬೋರ್ಡ್, ಎರಡು ಹಳದಿ ಬಿಒ (ಬ್ಯಾಟರಿಯಿಂದ ಓಡುವ) ಮೋಟಾರ್, ಮುಂದೆ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದದ ಅಲೆಯಿಂದ ದೂರ ಅಳೆಯುವುದು), ಎರಡು 18650 ರೀಚಾರ್ಜ್ ಸೆಲ್. ಮೋಟಾರ್ ನಿಂತಿದ್ದಾಗ ದೂರ 40 ಸೆಂ.ಮೀ. ಅಂತ ಸರಿಯಾಗಿ ಬರುತ್ತದೆ. ಚಕ್ರ ತಿರುಗಿದರೆ 40, 3, 0, 187 ಅಂತ ಕುಣಿಯುತ್ತದೆ. ಹಿಂದಕ್ಕೆ ಓಡಿಸಿದರೆ ಕೆಲವು ಸಲ ಆರ್ಡುಯಿನೊ ಬೋರ್ಡೇ ರೀಸೆಟ್ ಆಗುತ್ತದೆ. ಸೆನ್ಸರ್ ಬದಲಿಸಿದೆ, ಕೋಡ್ ಮೂರು ಸಲ ಬರೆದೆ. ಮುಂದಿನ ವಾರ ಕಾಲೇಜಿನಲ್ಲಿ ತೋರಿಸಬೇಕು ಸರ್.

ಉತ್ತರ: ಸೆನ್ಸರ್, ಕೋಡ್ ಎರಡನ್ನೂ ಸದ್ಯ ಮುಟ್ಟಬೇಡಿ. ಇಲ್ಲಿ ಎರಡು ತೊಂದರೆ ಒಟ್ಟಿಗೆ ಇರುವ ಹಾಗಿದೆ. ಒಂದು ವೋಲ್ಟೇಜ್ ಕುಸಿತ, ಇನ್ನೊಂದು ಮೋಟಾರಿನ ನಾಯ್ಸ್, ಅಂದರೆ ವೈರಿನಲ್ಲಿ ಸೇರುವ ವಿದ್ಯುತ್ ಗಲಾಟೆ. ಯಾವುದು ಎಷ್ಟು ಅಂತ ಮೊದಲು ಗೊತ್ತಾಗಬೇಕು.

ಡ್ರೈವರ್‌ನಿಂದ ಆರ್ಡುಯಿನೊಗೆ ಹೋಗುವ 5 ವೋಲ್ಟ್ ವೈರ್ ಮಾತ್ರ ಕಿತ್ತಿಡಿ. ಗ್ರೌಂಡ್ (ಮೈನಸ್) ವೈರ್ ಹಾಗೇ ಇರಲಿ. ಆರ್ಡುಯಿನೊಗೆ ಪವರ್ ಬ್ಯಾಂಕಿನಿಂದ ಕರೆಂಟ್ ಕೊಟ್ಟು ಓಡಿಸಿ. ಏನಾಯಿತು ಬರೆಯಿರಿ.

ಕೇಳಿದವರು: ಮಾಡಿದೆ ಸರ್. ರೀಸೆಟ್ ಪೂರ್ತಿ ನಿಂತಿತು. ಅಂಕಿ ಮಾತ್ರ ಇನ್ನೂ ಕುಣಿಯುತ್ತಿದೆ.

ಉತ್ತರ: ಹಾಗಾದರೆ ಎರಡೂ ಇವೆ. ಡ್ರೈವರ್ ಬೋರ್ಡಿನಲ್ಲಿ ಬ್ಯಾಟರಿ ವೋಲ್ಟೇಜನ್ನು 5ಕ್ಕೆ ಇಳಿಸಿ ಕೊಡುವ ರೆಗ್ಯುಲೇಟರ್‌ಗೆ ಸುಮಾರು 7 ವೋಲ್ಟ್ ಬೇಕು. ನಿಮ್ಮ ಸೆಲ್ ಎರಡೂ ಸೇರಿ 7.4. ಮೋಟಾರ್ ದಿಕ್ಕು ಬದಲಿಸುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ಅಷ್ಟರಲ್ಲಿ 5 ವೋಲ್ಟೂ ಉಳಿಯುವುದಿಲ್ಲ. ಆರ್ಡುಯಿನೊಗೆ ಬೇರೆ ಪವರ್ ಇರಲಿ.

ಇನ್ನು ನಾಯ್ಸ್. ಮೋಟಾರಿನೊಳಗೆ ಕರೆಂಟ್ ಮುಟ್ಟಿಸುವ ಬ್ರಷ್, ತಿರುಗುವ ಕಮ್ಯುಟೇಟರ್ ಪಟ್ಟಿಗಳ ಮೇಲೆ ಜಾರುವಾಗ ಪ್ರತಿ ಸಲವೂ ಸಣ್ಣ ಕಿಡಿ ಹಾರುತ್ತದೆ. ಆ ಕಿಡಿಯ ಗಲಾಟೆ ವೈರ್ ಹಿಡಿದು ಹೊರಗೆ ಬರುತ್ತದೆ, ವೈರೇ ಆಂಟೆನಾ ಆಗುತ್ತದೆ. ಅದನ್ನು ಮೋಟಾರಿನ ಬಾಯಲ್ಲೇ ತಡೆಯಬೇಕು. ಸೆನ್ಸರ್ ಹತ್ತಿರ ಏನು ಕಟ್ಟಿದರೂ ಅಷ್ಟು ಉಪಯೋಗವಿಲ್ಲ.

104 ಅಂತ ಬರೆದಿರುವ ಸೆರಾಮಿಕ್ ಕೆಪಾಸಿಟರ್ ತನ್ನಿ, ಅಂದರೆ 0.1 ಮೈಕ್ರೊಫ್ಯಾರಡ್. ಮೋಟಾರಿಗೆ ಮೂರರಂತೆ ಆರು ಬೇಕು. ಒಂದನ್ನು ಮೋಟಾರಿನ ಎರಡೂ ಟರ್ಮಿನಲ್‌ಗಳ (ವೈರ್ ಸೇರುವ ತುದಿಗಳ) ನಡುವೆ ಹಾಕಿ. ಉಳಿದೆರಡು ಪ್ರತಿ ಟರ್ಮಿನಲ್‌ನಿಂದ ಮೋಟಾರಿನ ಲೋಹದ ಡಬ್ಬಿಗೆ. ಡಬ್ಬಿಗೆ ಸೋಲ್ಡರ್ ಸುಲಭವಾಗಿ ಹಿಡಿಯುವುದಿಲ್ಲ. ಕಡಲೆಕಾಳಿನಷ್ಟು ಜಾಗವನ್ನು ಎಮರಿ ಪೇಪರ್‌ನಿಂದ ಹೊಳೆಯುವ ತನಕ ಉಜ್ಜಿ, ಸೋಲ್ಡರ್ ಹಿಡಿಯಲು ಸ್ವಲ್ಪ ಫ್ಲಕ್ಸ್ ಪೇಸ್ಟ್ ಹಚ್ಚಿ. ಐರನ್ ಚೆನ್ನಾಗಿ ಕಾದ ಮೇಲೆ ಮುಟ್ಟಿಸಿ, ಎರಡು ಮೂರು ಸೆಕೆಂಡಿನಲ್ಲಿ ತೆಗೆಯಿರಿ. ಹೊತ್ತು ಜಾಸ್ತಿಯಾದರೆ ಹಿಂದಿನ ಪ್ಲಾಸ್ಟಿಕ್ ಕರಗಿ ಬ್ರಷ್ ಜಾಗ ಬಿಡುತ್ತದೆ. ಕೆಪಾಸಿಟರ್ ಕಾಲು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು.

ಮೋಟಾರ್ ಟರ್ಮಿನಲ್‌ಗೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ (ಪ್ಲಸ್ ಮೈನಸ್ ನೋಡಿ ಹಾಕಬೇಕಾದದ್ದು) ಮಾತ್ರ ಹಾಕಬೇಡಿ. ದಿಕ್ಕು ತಿರುಗಿದಾಗ ಪ್ಲಸ್ ಮೈನಸ್ ಅದಲುಬದಲಾಗುತ್ತದೆ, ಅದು ಒಡೆಯಬಹುದು. ಅದರ ಜಾಗ ಡ್ರೈವರ್‌ನ ಬ್ಯಾಟರಿ ಟರ್ಮಿನಲ್. ಅಲ್ಲಿ 470 ಮೈಕ್ರೊಫ್ಯಾರಡ್, 25 ವೋಲ್ಟಿನದು ಒಂದು ಇರಲಿ.

ಇನ್ನೊಬ್ಬರು: ವೈರ್ ಕಡೆಗೂ ಗಮನ ಕೊಡಿ. ಮೋಟಾರಿನ ಎರಡು ವೈರನ್ನು ಬತ್ತಿ ಹೊಸೆದ ಹಾಗೆ ಬಿಗಿಯಾಗಿ ಹೊಸೆಯಿರಿ. ಸೆನ್ಸರ್ ವೈರ್ ಚಾಸಿಯ ಇನ್ನೊಂದು ಬದಿಯಲ್ಲಿ ಬರಲಿ. ಬ್ಯಾಟರಿ ಮೈನಸ್‌ನಿಂದ ದಪ್ಪ ವೈರ್ ಸೀದಾ ಡ್ರೈವರ್‌ಗೆ ಹೋಗಲಿ. ಆರ್ಡುಯಿನೊ ಗ್ರೌಂಡ್‌ಗೂ ಅಲ್ಲಿಂದಲೇ ಬೇರೆ ವೈರ್ ಎಳೆಯಿರಿ. ಸೆನ್ಸರ್ ಗ್ರೌಂಡ್ ಆರ್ಡುಯಿನೊಗೆ ಮಾತ್ರ ಸೇರಲಿ. ಮೋಟಾರ್ ಕರೆಂಟ್ ಸೆನ್ಸರ್ ಗ್ರೌಂಡ್ ದಾಟಿ ಹೋಗಬಾರದು, ಅಲ್ವಾ? ಕೋಡಿನಲ್ಲಿ ಹಿಂದಕ್ಕೆ ಓಡಿಸುವ ಮೊದಲು 200 ಮಿಲಿಸೆಕೆಂಡ್ ನಿಲ್ಲಿಸಿ.

ಕೇಳಿದವರು: ಸರ್, ಎಡ ಮೋಟಾರಿಗೆ ಮೂರೂ ಕೂರಿಸಿ ಅದೊಂದನ್ನೇ ಓಡಿಸಿದೆ. 40, 40, 41, 40! ಬಲದ್ದು ಸೇರಿಸಿದರೆ ಮತ್ತೆ ಕುಣಿಯುತ್ತದೆ. ಅದಕ್ಕೆ ಟರ್ಮಿನಲ್ ನಡುವಿನ ಒಂದನ್ನು ಮಾತ್ರ ಹಾಕಿದ್ದೇನೆ, ಡಬ್ಬಿಗೆ ಸೋಲ್ಡರ್ ಹಿಡಿಯಲೇ ಇಲ್ಲ.

ಉತ್ತರ: ತುಂಬಾ ಖುಷಿಯಾಯಿತು. ಬಲದ್ದನ್ನು ಇನ್ನೊಮ್ಮೆ ಉಜ್ಜಿ, ಮೊದಲು ಡಬ್ಬಿ ಮೇಲೆ ಬರೀ ಸೋಲ್ಡರ್ ಚುಕ್ಕೆ ಕೂರಿಸಿ. ಅದು ಉಗುರಿಗೆ ಕಿತ್ತು ಬರದಿದ್ದರೆ ಆಮೇಲೆ ಕೆಪಾಸಿಟರ್ ಕಾಲು ಇಡಿ.