ಹಾಡು ಬರೆಯುವಾಗ ಭಾವಕ್ಕೆ ಮಣಿಯಬೇಕೇ, ಮಾತ್ರೆಗೆ ಮಣಿಯಬೇಕೇ?

ಪ್ರಶ್ನೆ (ಬಸವನಗುಡಿ):
ಅಮ್ಮ ತೀರಿಕೊಂಡ ಮೇಲೆ ಒಂದೇ ರಾತ್ರಿಯಲ್ಲಿ ಬರೆದ ಹಾಡನ್ನು ಸುಗಮ ಸಂಗೀತ ಕಲಿಸುವ ಹಿರಿಯರೊಬ್ಬರಿಗೆ ತೋರಿಸಿದೆ. ಮಾತ್ರೆ (ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆ) ಹೊಂದುವುದಿಲ್ಲ, ಪ್ರಾಸವೂ ತಪ್ಪಿದೆ ಎಂದು ಅವರು ಅರ್ಧಕ್ಕರ್ಧ ತಿದ್ದಿದರು. ಅಮ್ಮನ ಬಳೆಯ ಸದ್ದಿನ ಸಾಲೂ ಹೋಯಿತು. ಈಗ ಅದು ಸಲೀಸಾಗಿ ಹಾಡಲು ಬರುತ್ತದೆ, ಆದರೆ ಅದರಲ್ಲಿ ಅಮ್ಮ ಇಲ್ಲ. ಯಾವುದನ್ನು ಉಳಿಸಿಕೊಳ್ಳಲಿ?

ಉತ್ತರ (ಮಲ್ಲೇಶ್ವರ):
ಪ್ರಾಸವನ್ನು ಧಾರಾಳವಾಗಿ ಬಿಡಿ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಕಟ್ಟನ್ನು ಕವಿ ಗೋವಿಂದ ಪೈ ಅವರು 1911ರಲ್ಲಿಯೇ ತೊರೆದರು. ಮಾತ್ರೆಯ ವಿಷಯ ಹಾಗಲ್ಲ. ಕನ್ನಡದಲ್ಲಿ ಹ್ರಸ್ವ, ದೀರ್ಘಗಳು ಅರ್ಥವನ್ನೇ ಬದಲಿಸುವುದರಿಂದ, ಧಾಟಿಯು ಸ್ವರವನ್ನು ಎಳೆಯುವ ಜಾಗದಲ್ಲಿ 'ಬಳೆ' ಕುಳಿತರೆ ಕೇಳುವವರ ಕಿವಿಗೆ ಅದು 'ಬಾಳೆ' ಎಂದು ತಲುಪುವ ಅಪಾಯವಿದೆ. ಬಾಳೆಯ ಸದ್ದಿಗೆ ಯಾರಿಗೆ ಕಣ್ಣು ತುಂಬೀತು?

ಉತ್ತರ (ಚಾಮರಾಜಪೇಟೆ):
ಮೇಲಿನವರು ಹೇಳಿದ್ದು ಸರಿ, ಆದರೆ ಪೂರ್ಣವಲ್ಲ. ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಪದ್ಯದಲ್ಲಿ 3 ಮತ್ತು 4 ಮಾತ್ರೆಗಳ ಗಣಗಳು, ಅಂದರೆ ಗುಂಪುಗಳು, ಒಂದಾದ ಮೇಲೊಂದು ಬರುತ್ತವೆ. ಆ ಒಂದೇ ನಡೆಯಲ್ಲಿ ಗಮಕಿಗಳು (ಕಾವ್ಯವನ್ನು ರಾಗವಾಗಿ ಓದುವವರು) ರಾಗ ಬದಲಿಸಿ ಯುದ್ಧವನ್ನೂ ಓದುತ್ತಾರೆ, ಶೋಕವನ್ನೂ ಓದುತ್ತಾರೆ. ಛಂದಸ್ಸು ಭಾವವನ್ನು ಕೊಲ್ಲುವುದಿಲ್ಲ. ಕೊಲ್ಲುವುದು ಎರವಲು ಪದ. ತಿದ್ದಿದ ಹಾಡಿನಲ್ಲಿ 'ಅಮ್ಮ' ಇದ್ದಲ್ಲಿ 'ಜನನಿ' ಬಂದಿದೆಯೇ? ಎರಡಕ್ಕೂ ಮೂರೇ ಮಾತ್ರೆ, ಆದ್ದರಿಂದ ಆ ಬದಲಾವಣೆಗೆ ಮಾತ್ರೆಯ ನೆಪ ಹೇಳುವಂತಿಲ್ಲ.

ಪ್ರಶ್ನೆ ಕೇಳಿದವರು:
ಎರಡು ಕಡೆ ಬಂದಿದೆ! ಇಂದೇ ಹಿಂದಿನಂತೆ ಬರೆಯುತ್ತೇನೆ. ಬಳೆಯ ಸಾಲನ್ನು ಮಾತ್ರ ಆ ಹಿರಿಯರ ಹಾರ್ಮೋನಿಯಂ ಪಕ್ಕದಲ್ಲಿ ಕುಳಿತು, ಎಳೆತವಿಲ್ಲದ ಜಾಗ ಹುಡುಕಿ ಸೇರಿಸುತ್ತೇನೆ.