ಪದಚರ್ಚೆ: ‘ನೆರವು’ ಅಂದರೆ ಸಾಲವೂ ಸೇರುತ್ತದೆಯೇ? (ಚಾಡ್ ತೈಲದ ಹಣದ ಬಗ್ಗೆ)

ಗೆಳೆಯರೇ, ನಮಸ್ಕಾರ.

ಆಫ್ರಿಕಾದ ಚಾಡ್ ದೇಶದ ತೈಲದ ಹಣದ ಬಗ್ಗೆ ಪಿಯುಸಿ ಮಕ್ಕಳಿಗಾಗಿ ಒಂದು ಪಾಠ ಬರೆಯುತ್ತಿದ್ದೇನೆ. ಮೂರು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲು ವಿಷಯ. ಚಾಡ್ ತುಂಬ ಬಡ ದೇಶ, ಸಮುದ್ರವೂ ಇಲ್ಲ. ಆದರೆ ದಕ್ಷಿಣದ ದೋಬಾದಲ್ಲಿ ತೈಲವಿದೆ. ಅದನ್ನು ಕ್ಯಾಮರೂನಿನ ಕ್ರಿಬಿ ಕರಾವಳಿಗೆ ಸಾಗಿಸಲು ಸುಮಾರು 1,070 ಕಿ.ಮೀ. ಕೊಳವೆ ಹಾಕಿದರು. 2000ರಲ್ಲಿ ವಿಶ್ವಬ್ಯಾಂಕ್ ಇದಕ್ಕೆ ಸಾಲ ಕೊಡಲು ಒಪ್ಪಿತು, 2003ರಲ್ಲಿ ತೈಲ ಹರಿಯಿತು. ಖರ್ಚಿನ ದೊಡ್ಡ ಪಾಲು ತೈಲ ಕಂಪನಿಗಳದ್ದೇ. ಬ್ಯಾಂಕಿನ ಹಣ ಕಮ್ಮಿ, ಅದೂ ಸಾಲ. ಆದರೂ ಬ್ಯಾಂಕ್ ಜೊತೆಗಿರಲೇಬೇಕು ಅಂತ ಕಂಪನಿಗಳು ಪಟ್ಟು ಹಿಡಿದಿದ್ದವು.

ಇದನ್ನು ‘ವಿಶ್ವಬ್ಯಾಂಕ್ ನೆರವು’ ಅನ್ನಬಹುದೇ? ನಮ್ಮ ಪತ್ರಿಕೆಗಳು ಹಾಗೇ ಬರೆಯುತ್ತವೆ. ನನಗೆ ಒಪ್ಪಿಗೆಯಿಲ್ಲ. ನೆರೆ ಬಂದಾಗ ಅಕ್ಕಿ, ಕಂಬಳಿ ಕೊಡುವುದು ನೆರವು. ತೀರಿಸಬೇಕಾದದ್ದು ಸಾಲ, ಅಲ್ವಾ? ‘ಅನುದಾನ’ ವಾಪಸು ಕೊಡುವಂಥದ್ದಲ್ಲ, ‘ಸಹಾಯಧನ’ ಅಂದರೆ ರೈತರಿಗೆ ಸಬ್ಸಿಡಿ ನೆನಪಾಗುತ್ತದೆ. ಬಡ ದೇಶಗಳಿಗೆ ಬ್ಯಾಂಕ್ ಬಡ್ಡಿಯಿಲ್ಲದೆ, ಸೇವಾ ಶುಲ್ಕ ಮಾತ್ರ ಹಿಡಿದು, ದಶಕಗಳ ಗಡುವಿಗೆ ಕೊಡುವ ಸಾಲವೂ ಉಂಟು. ಬಡ್ಡಿಯಿಲ್ಲ ಅಂದಕೂಡಲೇ ‘ಕೈಗಡ’ ಹೊಳೆಯಿತು. ಆದರೆ ಕೈಗಡಕ್ಕೆ ಕಾಗದ ಪತ್ರವಿಲ್ಲ, ಷರತ್ತೂ ಇಲ್ಲ. ಇಲ್ಲಿ ಷರತ್ತೇ ಜಾಸ್ತಿ. ಸದ್ಯಕ್ಕೆ ‘ಷರತ್ತಿನ ಸಾಲ’ ಅಂತ ಇಟ್ಟುಕೊಂಡಿದ್ದೇನೆ.

ಷರತ್ತು ಏನೆಂದರೆ, ತೈಲದ ‘ರಾಜಧನ’ (ತೆಗೆದ ತೈಲಕ್ಕೆ ಕಂಪನಿಗಳು ಸರ್ಕಾರಕ್ಕೆ ಕೊಡುವ ಪಾಲು) ನೇರವಾಗಿ ಸರ್ಕಾರದ ಕೈಗೆ ಹೋಗುವಂತಿಲ್ಲ. (ಬಳ್ಳಾರಿ ಗಣಿಯ ಸುದ್ದಿ ಓದಿದವರಿಗೆ ರಾಜಧನ ಗೊತ್ತೇ ಇದೆ, ಆ ಪದ ಬದಲಿಸುವುದಿಲ್ಲ.) ಹಣ ಮೊದಲು ಲಂಡನ್ನಿನ ಒಂದು ಖಾತೆಗೆ ಬರಬೇಕು. ಅಲ್ಲೇ ಸಾಲದ ಕಂತು ಮುರಿದುಕೊಂಡು ಉಳಿದದ್ದನ್ನು ಬಿಡುತ್ತಿದ್ದರು. ಇದು ಎರಡನೆಯ ಪದ: ‘ಎಸ್ಕ್ರೋ ಖಾತೆ’, ಅಂದರೆ ಷರತ್ತಿನಂತೆ ಹಂಚಲು ಹಣವನ್ನು ಮೂರನೆಯವರ ಬಳಿ ಇಡುವ ಖಾತೆ. ಫ್ಲ್ಯಾಟ್ ಕೊಳ್ಳುವವರಿಗೆ ಈ ಹೆಸರು ಪರಿಚಿತ, ಮಕ್ಕಳಿಗಲ್ಲ. ‘ನಡುವಿನವರ ಖಾತೆ’ ಅಂದರೆ ಅರ್ಥವಾದೀತೇ?

ಮೂರನೆಯದು, ಷರತ್ತಿನ ಪ್ರಕಾರ ಈ ತೈಲದ ಹಣದಲ್ಲಿ ಮುಂದಿನ ತಲೆಮಾರಿಗಾಗಿ ಎತ್ತಿಡಬೇಕಿದ್ದ 10 ಶೇಕಡಾ. ಅನುವಾದಗಳಲ್ಲಿ ‘ಭವಿಷ್ಯದ ಪೀಳಿಗೆಗಳ ನಿಧಿ’ ಅಂತ ಬರುತ್ತದೆ. ನನಗೆ ‘ತಲೆಮಾರಿನ ಇಡುಗಂಟು’ ಇಷ್ಟ. ಮುಟ್ಟದೆ ಇಡಬೇಕಾದ ಹಣ ಅನ್ನುವುದು ಇಡುಗಂಟಿನಲ್ಲೇ ಇದೆ.

ಆ ಇಡುಗಂಟು ಉಳಿಯಲಿಲ್ಲ. 2005ರ ಕೊನೆಗೆ ಚಾಡ್ ಸಂಸತ್ತು ಈ ಷರತ್ತುಗಳಿದ್ದ ಕಾನೂನು ತಿದ್ದಿ ಅದನ್ನು ತೆಗೆದುಹಾಕಿತು. ತೈಲದ ಹಣ ಯಾವುದಕ್ಕೆ ಖರ್ಚಾಗಬೇಕು ಅನ್ನುವ, ಶಾಲೆ, ಆಸ್ಪತ್ರೆ, ರಸ್ತೆ ಇದ್ದ ಆದ್ಯತೆಯ ಪಟ್ಟಿಗೆ ಭದ್ರತೆಯನ್ನೂ ಸೇರಿಸಿತು. 2006ರ ಜನವರಿಯಲ್ಲಿ ಬ್ಯಾಂಕ್ ಸಾಲ ತಡೆಯಿತು, ಲಂಡನ್ ಖಾತೆಗೂ ತಡೆ ಬಿತ್ತು. ಆಮೇಲೆ ರಾಜಿಯಾದರೂ ನಿಲ್ಲಲಿಲ್ಲ. 2008ರಲ್ಲಿ ಚಾಡ್ ಬಾಕಿಯನ್ನು ಅವಧಿಗೆ ಮುಂಚೆಯೇ ತೀರಿಸಿತು, ಬ್ಯಾಂಕ್ ಯೋಜನೆಯಿಂದ ಹೊರಬಂತು. ಸಾಲ ತೀರಿದ ಮೇಲೆ ಷರತ್ತು ಹೇರಲು ಬ್ಯಾಂಕಿಗೆ ಹಿಡಿತವೇ ಉಳಿಯಲಿಲ್ಲ. ‘ನೆರವು’ ಅಂತ ಬರೆದರೆ ಮಕ್ಕಳಿಗೆ ಈ ಕೊನೆ ಅರ್ಥವೇ ಆಗುವುದಿಲ್ಲ. ನನ್ನ ತಕರಾರು ಅದಕ್ಕೇ.

ಬ್ಯಾಂಕ್, ಸಹಕಾರ ಸಂಘಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ: ‘ಎಸ್ಕ್ರೋ’ಗೆ ನಿಮ್ಮ ಕಡೆ ಬಳಕೆಯಲ್ಲಿರುವ ಮಾತು ಯಾವುದು? ಉತ್ತರ ಕರ್ನಾಟಕದಲ್ಲಿ ಇಡುಗಂಟನ್ನು ಇದೇ ಅರ್ಥದಲ್ಲಿ ಆಡುತ್ತಾರೆಯೇ?